ಐದು ದೇಶ, ನಾಲ್ಕು ಹಡಗು, ಒಂದು ನೋಟ್‌ಬುಕ್

"ಅಜ್ಜ, ನಿಮ್ಮ ಲೆಕ್ಕ ಟ್ಯಾಲಿ ಆಗ್ತಿಲ್ಲ. ಒಂದು ಗಂಟೆ ಕಾಣ್ತಿಲ್ಲ!"

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಗುಮಾಸ್ತನಾಗಿದ್ದವನಿಗೆ ಹನ್ನೊಂದು ವರ್ಷದ ಹುಡುಗಿ ಹೀಗೆ ಹೇಳಿದರೆ ಹೇಗಾಗಬೇಡ? ಸಂಜೆ ಕ್ಯಾಷ್‌ನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಮನೆಗೆ ಹೋಗದ ಕಾಲದವರು ನಾವು. ಕನ್ನಡಕ ಏರಿಸಿಕೊಂಡು ಮತ್ತೆ ಕೂಡಿದೆ, ಕಳೆದೆ. ಲೆಕ್ಕ ಸರಿಯಾಗಿಯೇ ಇತ್ತು.

"ಕೂಡಿದ್ದು ಸರಿ ಅಜ್ಜ. ಆದರೆ ನಾರ್ವೆಯಿಂದ ಫಿನ್‌ಲೆಂಡಿಗೆ ಹೋಗುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗತ್ತೆ. ನೀವು ನಾರ್ವೆ ಗಡಿಯಾರದಲ್ಲೇ ಹಡಗಿನ ಹತ್ತಿರ ಹೋಗ್ತಿದೀರಿ. ಅಷ್ಟೊತ್ತಿಗೆ ಹಡಗಿನ ಬಾಗಿಲು ಹಾಕಿರ್ತಾರೆ!"

ಇದು 2025ರ ಫೆಬ್ರುವರಿಯ ಮಾತು. ನಾನು ಶಿವಮೊಗ್ಗದಲ್ಲಿ, ಮೊಮ್ಮಗಳು ಪುಟ್ಟಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. ನಡುವೆ ವಿಡಿಯೊ ಕಾಲ್. ಬೇಸಿಗೆ ರಜೆಯಲ್ಲಿ ಮಗಳು, ಅಳಿಯ, ಪುಟ್ಟಿ, ಅವಳ ತಮ್ಮ ಚಿಣ್ಣ, ನಾನು, ನನ್ನಾಕೆ ಆರೂ ಜನ ಒಂದೇ ಕಾರಿನಲ್ಲಿ ಯುರೋಪಿನ ಉತ್ತರದ ತುದಿಗೆ ಹೋಗಿಬರುವುದೆಂದು ತೀರ್ಮಾನವಾಗಿತ್ತು. "ಅಪ್ಪ, ಪ್ಲ್ಯಾನ್ ನೀವೇ ಮಾಡಿ, ನಿಮಗೆ ಲೆಕ್ಕ ಬರತ್ತೆ" ಎಂದು ಮಗಳು ಕೆಲಸ ವಹಿಸಿದ್ದಳು. ಇನ್ನೂರು ಪುಟದ ನೋಟ್‌ಬುಕ್ ತಂದು, ಕೆಂಪು ಗೆರೆ ಎಳೆದು, ಗತ್ತಿನಿಂದಲೇ ಶುರುಮಾಡಿದ್ದೆ.

ಹಡಗು ಮೊದಲು, ರಸ್ತೆ ಆಮೇಲೆ

ಮಕ್ಕಳೇ, ಕಾರಿನ ಪ್ರವಾಸದಲ್ಲಿ ಹಡಗೇಕೆ ಎಂದು ನೀವು ಕೇಳಬಹುದು. ಜರ್ಮನಿಯ ಉತ್ತರಕ್ಕೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲೆಂಡ್ ಇವೆ. ಭೂಪಟ ತೆಗೆದು ನೋಡಿ, ಅಲ್ಲೆಲ್ಲ ಸಮುದ್ರ ನೆಲದೊಳಕ್ಕೆ ಕೈಬೆರಳು ಚಾಚಿದಂತಿದೆ. ಕೆಲವು ಕಡೆ ಸೇತುವೆ, ಕೆಲವು ಕಡೆ ಸುರಂಗ, ಉಳಿದ ಕಡೆ ಫೆರಿ ಹಡಗು. ಹಡಗಿನ ಹಿಂಬದಿಯ ದೊಡ್ಡ ಬಾಗಿಲು ದಡಕ್ಕೆ ಇಳಿಯುತ್ತದೆ. ಕಾರು, ಬಸ್ಸು, ಲಾರಿ ಎಲ್ಲ ಅದರ ಮೇಲೆ ಸಾಗಿ ಹಡಗಿನ ಹೊಟ್ಟೆ ಸೇರುತ್ತವೆ.

ನನಗೆ ಇದೇನೂ ಹೊಸತಲ್ಲ. ನಮ್ಮ ಸಾಗರ ತಾಲ್ಲೂಕಿನಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟಲು ಲಾಂಚ್ ಇತ್ತು. ಸಿಗಂದೂರಿಗೆ ಹೋದವರೆಲ್ಲ ಅದರಲ್ಲಿ ಕೂತವರೇ. ಬಸ್ಸನ್ನೇ ಹೊತ್ತು ಸಾಗುತ್ತಿತ್ತು. ಬ್ಯಾಂಕಿನ ಸಾಲದ ಕಡತ ಹಿಡಿದು ತುಮರಿ ಕಡೆಗೆ ಹೋದ ಒಂದು ದಿನ, ಒಂದು ಮನೆಯಲ್ಲಿ ಇನ್ನೊಂದು ಲೋಟ ಕಾಫಿಗೆ ಕೂತೆ. ದಡಕ್ಕೆ ಬರುವಷ್ಟರಲ್ಲಿ ಸಂಜೆಯ ಕೊನೆಯ ಲಾಂಚ್ ನೀರಿನ ನಡುವೆ ಇತ್ತು. ಕೂಗಿದೆ, ಕೈ ಬೀಸಿದೆ. ಪ್ರಯೋಜನವಾಗಲಿಲ್ಲ. ಆ ರಾತ್ರಿ ಅದೇ ಕಾಫಿ ಕೊಟ್ಟವರ ಜಗಲಿಯಲ್ಲಿ ಮಲಗಿದೆ. ಬಸ್ಸಾದರೆ ಓಡಿ ಹಿಡಿಯಬಹುದು. ಹಡಗನ್ನು ಹಿಡಿಯಲಾಗದು.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಡಗುಗಳನ್ನಷ್ಟೇ ಬರೆದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿನ ಪಯಣ, ಬಾಗಿಲು ಹಾಕುವ ವೇಳೆ ಯಾವುದು. ಹಡಗು ಹೊರಡುವ ವೇಳೆ ಬೇರೆ, ಕಾರು ಒಳಗೆ ಬಿಡುವುದನ್ನು ನಿಲ್ಲಿಸುವ ವೇಳೆ ಬೇರೆ. ನಮಗೆ ಮುಖ್ಯವಾದದ್ದು ಎರಡನೆಯದು. ದೊಡ್ಡ ಹಡಗಾದರೆ ಅದು ಗಂಟೆಗಟ್ಟಲೆ ಮುಂಚೆಯೇ ಇರುತ್ತದೆ. ಹೀಗೆ ಹಡಗುಗಳ ವೇಳೆ ಗೂಟ ಹೊಡೆದಂತೆ ನಿಂತ ಮೇಲೆ, ನಡುವಿನ ರಸ್ತೆಯನ್ನು ಹಗ್ಗದಂತೆ ಕಟ್ಟುತ್ತ ಹೋಗಬೇಕು.

ರಸ್ತೆಯ ಲೆಕ್ಕದಲ್ಲೂ ಒಂದು ಪಾಠ ಕಲಿತೆ. ಕಿಲೋಮೀಟರ್ ಎಣಿಸಬಾರದು, ಗಂಟೆ ಎಣಿಸಬೇಕು. ನಾರ್ವೆಯಲ್ಲಿ ಊರ ಹೊರಗಿನ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿ.ಮೀ. ಬೆಟ್ಟ, ತಿರುವು, ರಸ್ತೆಗೆ ಬಂದು ನಿಲ್ಲುವ ಹಿಮಸಾರಂಗ ಎಲ್ಲ ಸೇರಿದರೆ ಗಂಟೆಗೆ ಅರವತ್ತು ಹೋದರೆ ದೊಡ್ಡದು. ಜೊತೆಗೆ ಮಕ್ಕಳ ಹಸಿವು, ನನ್ನಾಕೆಯ ಮಂಡಿನೋವು, ನನ್ನ ವಯಸ್ಸಿನವರು ಗಂಟೆಗೊಮ್ಮೆ ಇಳಿಯಬೇಕಾದ ಕಾರಣ. ಇವನ್ನೆಲ್ಲ ಯಾವ ಮೊಬೈಲ್ ನಕ್ಷೆಯೂ ಕೂಡಿಸುವುದಿಲ್ಲ.

ಪುಟ್ಟಿ ತಿರುಗಿಸಿದ ಚಕ್ರ

ನಮ್ಮ ಗುರಿ ನಾರ್ವೆಯ ನಾರ್ತ್ ಕೇಪ್. 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರದಿಂದ 307 ಮೀಟರ್ ಎತ್ತರದ ಬಂಡೆ. ಅಲ್ಲಿ ಮೇ ಮಧ್ಯದಿಂದ ಜುಲೈ 29ರ ತನಕ ಸೂರ್ಯ ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲಿ ಸೂರ್ಯನನ್ನು ನೋಡಬೇಕೆಂಬುದು ಪ್ರೈಮರಿ ಶಾಲೆಯ ಭೂಗೋಳದ ಪಾಠ ಓದಿದಂದಿನಿಂದ ನನ್ನ ಆಸೆ. ಎಪ್ಪತ್ತು ದಾಟಿದ ಮೇಲೆ "ಮುಂದಿನ ವರ್ಷ ನೋಡೋಣ" ಎನ್ನುವ ಮಾತಿಗೆ ಅರ್ಥ ಕಡಿಮೆ.

ತೊಡಕು ಇದ್ದದ್ದು ಶಾಲೆಯದು. ಪುಟ್ಟಿಯ ಶಾಲೆ ಮುಗಿಯುವುದು ಜುಲೈ 23ಕ್ಕೆ. ಜರ್ಮನಿಯಲ್ಲಿ ರಜೆಗೆ ಒಂದು ದಿನ ಮುಂಚೆ ಮಕ್ಕಳನ್ನು ಕರೆದುಕೊಂಡು ಹೊರಟರೂ ತಂದೆ-ತಾಯಿಗೆ ದಂಡ ಬೀಳಬಹುದು. ಅಂದರೆ 24ರಿಂದ 29ರೊಳಗೆ ಆರು ದಿನ. ಡೆನ್ಮಾರ್ಕ್, ಸ್ವೀಡನ್, ನಾರ್ವೆಯ ಉದ್ದಕ್ಕೂ ಏರಿದರೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು, ನಡುವೆ ಮೂರು ಹಡಗು. ವಾಪಸು ಫಿನ್‌ಲೆಂಡ್ ಮೇಲೆ ಇಳಿದು ಹೆಲ್ಸಿಂಕಿಯಿಂದ ದೊಡ್ಡ ಹಡಗಿನಲ್ಲಿ ಜರ್ಮನಿಗೆ. ಇದು ನನ್ನ ಮೊದಲ ಪ್ಲ್ಯಾನ್. ದಿನಕ್ಕೆ ಐನೂರು ಕಿ.ಮೀ.ಗಿಂತ ಹೆಚ್ಚು ಬೀಳುತ್ತಿತ್ತು. ಅಳಿಯಂದಿರು ನೋಡಿ, "ಮಾವ, ಇದು ಪ್ರವಾಸ ಅಲ್ಲ, ಲಾರಿ ಡ್ಯೂಟಿ" ಎಂದು ನಕ್ಕರು. ನಗುತ್ತಲೇ ಹೇಳಿದರೂ ಮಾತು ನಿಜ. ಒಂದು ಹಡಗು ತಪ್ಪಿದರೂ ಎಲ್ಲವೂ ಕುಸಿಯುತ್ತಿತ್ತು.

ಬೇಸರದಿಂದ ನಡುರಾತ್ರಿ ಸೂರ್ಯನ ಪುಟಕ್ಕೆ ಅಡ್ಡಗೆರೆ ಎಳೆಯಲು ಹೊರಟಿದ್ದೆ. ಆಗ ಪುಟ್ಟಿ ಭೂಪಟದ ಮೇಲೆ ಬೆರಳನ್ನು ಹಿಂದುಮುಂದಾಗಿ ಸುತ್ತಿಸಿದಳು. "ಅಜ್ಜ, ಉಲ್ಟಾ ಹೋದ್ರೆ? ದೊಡ್ಡ ಹಡಗು ಮೊದಲು!"

ಎಂಥ ಸರಳ ಉಪಾಯ! ಜರ್ಮನಿಯ ಟ್ರಾವೆಮ್ಯುಂಡೆ ಬಂದರಿನಿಂದ ಹೆಲ್ಸಿಂಕಿಗೆ ಹಡಗಿನಲ್ಲಿ ಸುಮಾರು ಮೂವತ್ತು ಗಂಟೆ. ಸಾವಿರ ಕಿ.ಮೀ.ಗೂ ಹೆಚ್ಚು ದೂರವನ್ನು ನಾವು ಮಲಗಿದ್ದಾಗಲೇ ಹಡಗು ದಾಟಿಸುತ್ತದೆ. ಅಳಿಯಂದಿರಿಗೂ ವಿಶ್ರಾಂತಿ. ಹೆಲ್ಸಿಂಕಿಯಿಂದ ನಾರ್ತ್ ಕೇಪಿಗೆ ಸುಮಾರು ಸಾವಿರದ ಐನೂರು ಕಿ.ಮೀ., ಮೂರು ದಿನದ ದಾರಿ, ನಡುವೆ ಹಡಗಿಲ್ಲ. 28ಕ್ಕೇ ಸೇರಬಹುದು. 29 ಉಳಿಕೆ! ಅದನ್ನು "ರಿಸರ್ವ್" ಎಂದು ಹಸಿರು ಶಾಯಿಯಲ್ಲಿ ಬರೆದೆ. ಆಮೇಲೆ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮೂಲಕ ನಿಧಾನವಾಗಿ ಇಳಿಯುವುದು. ರಜೆ ಸೆಪ್ಟೆಂಬರ್ ಮೊದಲ ವಾರದವರೆಗೆ ಇದೆ. ಕಾಣೆಯಾಗಿದ್ದ ಒಂದು ಗಂಟೆಯೂ ಸರಿಹೋಯಿತು. ಫಿನ್‌ಲೆಂಡಿನಲ್ಲಿ ಕೊಟ್ಟದ್ದನ್ನು ನಾರ್ವೆಯಲ್ಲಿ ವಾಪಸು ಪಡೆಯುತ್ತಿದ್ದೆವು.

ಒಂದೇ ಆಕ್ಷೇಪ ಬಂದದ್ದು ನನ್ನಾಕೆಯಿಂದ. "ಜುಲೈ 24 ಭೀಮನ ಅಮಾವಾಸ್ಯೆ. ಆವತ್ತು ಪ್ರಯಾಣವೇ?" ಹಡಗು ಹೊರಡುವುದು ನಡುರಾತ್ರಿ ಕಳೆದ ಮೇಲೆ ಎಂದೆ. ಪಂಚಾಂಗ ತೆಗೆದು, ಜರ್ಮನಿಯ ಗಡಿಯಾರಕ್ಕೆ ಹೊಂದಿಸಿ ಲೆಕ್ಕ ಹಾಕಿದಳು. "ಅಷ್ಟರಲ್ಲಿ ಶ್ರಾವಣ ಬಂದಿರತ್ತೆ. ಸರಿ" ಎಂದು ಒಪ್ಪಿಗೆ ಕೊಟ್ಟಳು. ನಮ್ಮ ಮನೆಯಲ್ಲಿ ಲೆಕ್ಕ ಬರುವುದು ನನಗೊಬ್ಬನಿಗೇ ಅಲ್ಲ.

ಕಾಗದ, ಗುಳಿಗೆ, ಅವಲಕ್ಕಿ

ಹಿರಿಯರು ಇಂಥ ಪ್ರವಾಸಕ್ಕೆ ಹೊರಡುವುದಾದರೆ ಕೆಲವು ವಿಷಯ ತಿಳಿದಿರಲಿ. ನಾವು ಹೋದ ಐದೂ ದೇಶಗಳು ಷೆಂಗೆನ್ ಒಪ್ಪಂದದಲ್ಲಿವೆ. ಹಾಗಾಗಿ ಒಂದೇ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು. ನಮಗೆ ಅದು ಜರ್ಮನಿ. ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. 30,000 ಯೂರೊಗಳಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ತುಪ್ಪ, ಪೇಡೆ ಮುಂತಾದ ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಒಯ್ಯುವಂತಿಲ್ಲ. ಹಾಗಾಗಿ ನನ್ನಾಕೆ ಮನೆಯಲ್ಲೇ ಕಾಸಿದ ತುಪ್ಪ ಶಿವಮೊಗ್ಗದಲ್ಲೇ ಉಳಿಯಿತು. ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ಬಂದವು.

ಐದು ದೇಶ, ನಾಲ್ಕು ಬಗೆಯ ನಾಣ್ಯ. ಜರ್ಮನಿ, ಫಿನ್‌ಲೆಂಡಿನಲ್ಲಿ ಯೂರೊ. ಉಳಿದ ಮೂರು ದೇಶಗಳಿಗೆ ಅವರವರದೇ ಕ್ರೋನ. ಹೆಸರು ಒಂದೇ ಥರ, ಬೆಲೆ ಬೇರೆ. ಹಳೆಯ ಚಾಳಿ ಬಿಡದೆ ಒಂದೊಂದಕ್ಕೂ ಒಂದು ಕಾಲಂ ಎಳೆದೆ. ಆದರೆ ಎಲ್ಲೆಡೆ ಕಾರ್ಡ್ ನಡೆಯುತ್ತದೆ. ನೋಟು ಎಣಿಸುವ ಭಾಗ್ಯವೇ ಸಿಗಲಿಲ್ಲ.

ಇನ್ನೊಂದು ಮುಖ್ಯ ಮಾತು. ದೂರದ ಹಡಗಿನಲ್ಲಿ ಕಾರು ನಿಲ್ಲಿಸಿ ಮೇಲೆ ಹೋದ ಮೇಲೆ, ದಡ ಸೇರುವ ತನಕ ಕಾರಿನ ಹತ್ತಿರ ಬಿಡುವುದಿಲ್ಲ. ಬಿ.ಪಿ. ಗುಳಿಗೆ ಕಾರಿನಲ್ಲಿ ಉಳಿದರೆ ಮೂವತ್ತು ಗಂಟೆ ಅಲ್ಲೇ. ಆದ್ದರಿಂದ ಒಬ್ಬೊಬ್ಬರಿಗೂ ಒಂದು ಕೈಚೀಲ: ಗುಳಿಗೆ, ಕನ್ನಡಕ, ಸ್ವೆಟರ್, ಒಂದು ಜೊತೆ ಬಟ್ಟೆ. ಕಾರನ್ನು ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಅಲಾರಂ ಆರಿಸಬೇಕು, ಇಲ್ಲವಾದರೆ ಹಡಗು ಓಲಾಡಿದಾಗಲೆಲ್ಲ ಅದು ಕಿರುಚುತ್ತದೆ. ಟಿಕೆಟ್ ಮಾಡುವಾಗ ಕಾರಿನ ಉದ್ದ, ಎತ್ತರ ಕೇಳುತ್ತಾರೆ. ಮೇಲೆ ಸಾಮಾನಿನ ಪೆಟ್ಟಿಗೆ ಕಟ್ಟಿದರೆ ಎತ್ತರ ಬದಲಾಗುತ್ತದೆ. ಟೇಪು ಹಿಡಿದು ಅಳೆಯುವ ಕೆಲಸ ಚಿಣ್ಣನದು.

ಸ್ಟೆಪ್ನಿ ಎಲ್ಲಿ?

ಜೂನ್ ಕೊನೆಗೆ ಹ್ಯಾಂಬರ್ಗ್ ಸೇರಿದೆವು. ಜುಲೈ 14ರಂದು ಊರಿನಿಂದ ಸುದ್ದಿ ಬಂತು, ಸಿಗಂದೂರಿನ ಸೇತುವೆ ಉದ್ಘಾಟನೆಯಾಯಿತು ಎಂದು. ಎರಡೂವರೆ ಕಿಲೋಮೀಟರಿಗೆ ಹತ್ತಿರದ ಸೇತುವೆ. ದ್ವೀಪದಂತಿದ್ದ ಊರುಗಳ ಜನರಿಗೆ ಆಸ್ಪತ್ರೆ, ಕಾಲೇಜು ಹತ್ತಿರವಾದವು. ಸಂತೋಷವಾಯಿತು, ಲಾಂಚ್ ನೆನಪಾಗಿ ಸ್ವಲ್ಪ ಕಸಿವಿಸಿಯೂ ಆಯಿತು.

ಹತ್ತು ದಿನಕ್ಕೆ ನಮ್ಮ ಹಡಗು. ಆ ರಾತ್ರಿ ಲಾರಿಗಳ ಸಾಲಿನ ನಡುವೆ ನಮ್ಮ ಕಾರು ಇರುವೆಯಂತೆ ಒಳಹೊಕ್ಕಿತು. ನನ್ನಾಕೆ ದೇವರ ಹೆಸರು ಹೇಳುತ್ತ ಕಣ್ಣು ಮುಚ್ಚಿದವಳು ಬೆಳಗಾದಾಗಲೇ ತೆರೆದದ್ದು. ಕಿಟಕಿಯಲ್ಲಿ ಬಾಲ್ಟಿಕ್ ಸಮುದ್ರ ನಮ್ಮ ಲಿಂಗನಮಕ್ಕಿಯ ಹಿನ್ನೀರಿನಷ್ಟೇ ಶಾಂತವಾಗಿತ್ತು.

26ರ ಬೆಳಗ್ಗೆ ಹೆಲ್ಸಿಂಕಿ, ರಾತ್ರಿ ಊಲು ಪಟ್ಟಣ. ಚಳಿಯ ದೇಶವೆಂದು ಚೀಲದ ತುಂಬ ಉಣ್ಣೆ ಬಟ್ಟೆ ತುಂಬಿದ್ದೆವು. ಆ ಜುಲೈನಲ್ಲಿ ಫಿನ್‌ಲೆಂಡಿಗೆ ವಾರಗಟ್ಟಲೆ ಬಿಸಿಗಾಳಿ ಬಡಿದಿತ್ತು. ಸೆಖೆಗೆ ಬೆವರೊರೆಸಿಕೊಳ್ಳುತ್ತ ನನ್ನಾಕೆ, "ಬಳ್ಳಾರಿಗೆ ಕರ್ಕೊಂಡು ಹೋಗಿದ್ರೆ ಖರ್ಚು ಉಳೀತಿತ್ತು" ಎಂದಳು.

27ರ ಭಾನುವಾರ ರೊವಾನಿಯೆಮಿಯ ಹತ್ತಿರ ಆರ್ಕ್‌ಟಿಕ್ ವೃತ್ತ ದಾಟಿದೆವು. ಮಕ್ಕಳು ಗೆರೆಯ ಈಚೆ ಒಂದು ಕಾಲು, ಆಚೆ ಒಂದು ಕಾಲು ಇಟ್ಟು ಫೋಟೊ ತೆಗೆಸಿಕೊಂಡರು. ಸಂಜೆ ಸೊಡಾನ್‌ಕ್ಯುಲಾ ಎಂಬ ಊರಿನ ಹತ್ತಿರ ಬಂದಾಗ ರಸ್ತೆಯಲ್ಲಿ ಹಿಮಸಾರಂಗಗಳ ಹಿಂಡು. ಅಳಿಯಂದಿರು ಪಕ್ಕಕ್ಕೆ ತಿರುಗಿಸಿದರು. ಚೂಪು ಕಲ್ಲಿಗೆ ತಗಲಿ ಟೈರಿನ ಮಗ್ಗುಲು ಹರಿಯಿತು.

"ಪರವಾಗಿಲ್ಲ, ಸ್ಟೆಪ್ನಿ ಹಾಕೋಣ" ಎಂದು ಇಳಿದೆ.

"ಮಾವ, ಈ ಕಾರಲ್ಲಿ ಸ್ಟೆಪ್ನಿ ಇಲ್ಲ."

ಈಗಿನ ಎಷ್ಟೋ ಕಾರುಗಳಲ್ಲಿ ಇರುವುದಿಲ್ಲವಂತೆ. ಅದರ ಬದಲು ಗಾಳಿ ತುಂಬುವ ಸಣ್ಣ ಯಂತ್ರ, ತೂತು ಮುಚ್ಚುವ ಅಂಟಿನ ಬಾಟಲಿ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು, ಮಗ್ಗುಲು ಹರಿದರೆ ಏನೂ ಆಗದು. ನನ್ನ ನೋಟ್‌ಬುಕ್ಕಿನಲ್ಲಿ ಉಪ್ಪಿನಕಾಯಿಯ ಡಬ್ಬಿಗೂ ನಂಬರ್ ಇತ್ತು. ಸ್ಟೆಪ್ನಿ ಎಂಬ ಪದವೇ ಇರಲಿಲ್ಲ. ಇದೆಯೋ ಇಲ್ಲವೋ ಎಂದು ಐದು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಭಾನುವಾರ, ಟೈರ್ ಅಂಗಡಿ ಮುಚ್ಚಿತ್ತು. ಗಾಡಿಯೊಂದು ಬಂದು ನಮ್ಮ ಕಾರನ್ನು ಎಳೆದುಕೊಂಡು ಹೋಯಿತು. ನಾವು ನದಿಯ ಪಕ್ಕದ ಮರದ ಕುಟೀರದಲ್ಲಿ ಅವಲಕ್ಕಿ ಕಲಸಿ ತಿಂದೆವು. ಸೊಳ್ಳೆಗಳು ನಮ್ಮನ್ನು ತಿಂದವು. ನನಗೆ ನಿದ್ದೆ ಬರಲಿಲ್ಲ. ಇಲ್ಲೇ ಎರಡು ದಿನ ಕಳೆದರೆ ಐದು ತಿಂಗಳ ಲೆಕ್ಕವೂ, ಅರವತ್ತು ವರ್ಷದ ಆಸೆಯೂ ಮುಗಿದಂತೆ. ಪುಟ್ಟಿ ಹತ್ತಿರ ಬಂದು ಕೂತಳು. "ಅಜ್ಜ, ರಿಸರ್ವ್ ದಿನ ಇದೆಯಲ್ಲ. ಅದನ್ನು ಡ್ರಾ ಮಾಡಿಬಿಡಿ" ಎಂದಳು.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಟೈರ್ ಬಂತು. ಅಂದು ಇನಾರಿ ಊರಿನ ತನಕ ಹೋಗಿ ಮಲಗಿದೆವು. ನಾರ್ತ್ ಕೇಪಿನ ಹತ್ತಿರ 28ಕ್ಕೆ ಕಾದಿರಿಸಿದ್ದ ಕೋಣೆಯ ಬಾಡಿಗೆ ಹೋಯಿತು. ಅದನ್ನು ನಷ್ಟದ ಕಾಲಂನಲ್ಲಿ ಬರೆಯದೆ ವಿಮೆಯ ಕಾಲಂನಲ್ಲಿ ಬರೆದೆ.

ನಾಗರ ಪಂಚಮಿಯ ನಡುರಾತ್ರಿ

29, ಮಂಗಳವಾರ. ನಾರ್ವೆಯ ಗಡಿ ದಾಟಿದ ಕೂಡಲೇ ಚಿಣ್ಣ, "ಒಂದು ಗಂಟೆ ಜಮಾ ಆಯ್ತು!" ಎಂದು ಕೂಗಿದ. ನಾರ್ತ್ ಕೇಪ್ ಇರುವುದು ದ್ವೀಪದ ಮೇಲೆ. ಹಿಂದೆ ಅಲ್ಲಿಗೂ ಫೆರಿಯಲ್ಲೇ ಹೋಗಬೇಕಿತ್ತು. 1999ರಲ್ಲಿ ಸಮುದ್ರದ ಅಡಿಯಲ್ಲಿ ಸುಮಾರು ಏಳು ಕಿ.ಮೀ. ಉದ್ದದ ಸುರಂಗ ತೆರೆದರು. ಸಮುದ್ರಮಟ್ಟದಿಂದ 212 ಮೀಟರ್ ಕೆಳಕ್ಕೆ ಇಳಿದು ಮತ್ತೆ ಏರಿದೆವು. ಕಿವಿ ಗುಂಯ್ ಎಂದಿತು.

ಅಂದು ನಾಗರ ಪಂಚಮಿ. ನನ್ನಾಕೆ ಫಿನ್‌ಲೆಂಡಿನ ಅಂಗಡಿಯಲ್ಲಿ ಕೊಂಡ ಹಾಲಿನ ನಾಲ್ಕು ಹನಿಯನ್ನು ಬಂಡೆಗೆ ಹಾಕಿ ಕೈಮುಗಿದಳು. ಡಬ್ಬಿಯಲ್ಲಿದ್ದ ಎಳ್ಳಿನ ತಂಬಿಟ್ಟು ಹಂಚಿದಳು.

ಹನ್ನೆರಡು ಹೊಡೆಯಿತು. ಸೂರ್ಯ ಇನ್ನೂ ಇಳಿಯುತ್ತಲೇ ಇದ್ದ. "ಅಜ್ಜ, ನಿಜವಾದ ನಡುರಾತ್ರಿ ಇಲ್ಲಿ ಹನ್ನೆರಡೂ ಇಪ್ಪತ್ತರ ಹೊತ್ತಿಗೆ" ಎಂದಳು ಪುಟ್ಟಿ. ಅಲ್ಲಿನ ಬೇಸಿಗೆಯ ಗಡಿಯಾರ 30 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ನಾರ್ತ್ ಕೇಪ್ ಅದಕ್ಕಿಂತ ನಾಲ್ಕು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ ಎಂದು ವಿವರಿಸಿದಳು. ಆ ಹೊತ್ತಿಗೆ ಕುಂಕುಮ ಬಣ್ಣದ ಸೂರ್ಯ ಸಮುದ್ರವನ್ನು ಮುಟ್ಟಿಯೂ ಮುಟ್ಟದಂತೆ ಸ್ವಲ್ಪ ಹೊತ್ತು ಅಡ್ಡಕ್ಕೆ ಸರಿದು, ಮತ್ತೆ ಮೇಲೇರಲು ತೊಡಗಿದ. ನನ್ನಾಕೆ ಅಸ್ತಮಾನದ ನಮಸ್ಕಾರ ಮಾಡಬೇಕೋ ಉದಯದ ನಮಸ್ಕಾರ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನಾನು ಏನೂ ಮಾತಾಡಲಿಲ್ಲ. ಚಿಣ್ಣ ನನ್ನ ಕೈ ಹಿಡಿದುಕೊಂಡೇ ನಿದ್ದೆಹೋಗಿದ್ದ.

ಇಳಿಯುವ ದಾರಿ

ವಾಪಸು ಬರುವಾಗ ಅವಸರವಿರಲಿಲ್ಲ. ಲೊಫೊಟೆನ್ ದ್ವೀಪಗಳ ಮೊಸ್ಕೆನೆಸ್‌ನಿಂದ ಬೂಡೊ ಪಟ್ಟಣಕ್ಕೆ ಮೂರು ಗಂಟೆಗೂ ಮಿಕ್ಕಿದ ಹಡಗು. ಬೇಸಿಗೆಯಲ್ಲಿ ಇಲ್ಲಿ ಕಾರುಗಳ ಸಾಲು ಉದ್ದ. ಸ್ಥಳ ಸಿಗದಿದ್ದರೆ ಹಿಂದಿರುಗಿ ಲೊಡಿಂಗೆನ್‌ನಿಂದ ಬೊಗ್ನೆಸ್‌ಗೆ ಒಂದು ಗಂಟೆಯ ಇನ್ನೊಂದು ಹಡಗು ಹಿಡಿಯುವುದೆಂದು ಎರಡನೆಯ ದಾರಿಯನ್ನೂ ಬರೆದುಕೊಂಡಿದ್ದೆ. ಅದು ಬೇಕಾಗಲಿಲ್ಲ. ಆದರೆ ಸಮುದ್ರ ಅಂದು ಮುನಿದಿತ್ತು. ನನ್ನಾಕೆಗಾಗಿ ತಂದಿದ್ದ ವಾಂತಿಯ ಗುಳಿಗೆ ನನಗೆ ಬೇಕಾಯಿತು. ಅವಳು ಕಿಟಕಿಯ ಬಳಿ ಕೂತು ಚಹಾ ಕುಡಿಯುತ್ತಿದ್ದಳು.

ಸ್ವೀಡನ್ನಿನ ಹೆಲ್ಸಿಂಗ್‌ಬೊರ್ಗ್‌ನಿಂದ ಡೆನ್ಮಾರ್ಕಿನ ಹೆಲ್ಸಿಂಗೊರ್‌ಗೆ ಇಪ್ಪತ್ತೇ ನಿಮಿಷ. ಇಲ್ಲಿನ ಎರಡು ಹಡಗುಗಳು 2018ರಿಂದ ಬ್ಯಾಟರಿಯಲ್ಲಿ ಓಡುತ್ತವೆ. ದಡ ಸೇರಿದ ಕೂಡಲೇ ಯಂತ್ರದ ಕೈಯೊಂದು ಚಾಚಿ ಬಂದು ಚಾರ್ಜಿಗೆ ಹಾಕುತ್ತದೆ. ಒಂದರ ಹೆಸರು ಟೈಕೊ ಬ್ರಾಹೆ, ದುರ್ಬೀನು ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಗ್ರಹಗಳನ್ನು ಅಳೆದ ಖಗೋಳಜ್ಞ.

ಕೊನೆಯದು ರೋಡ್‌ಬ್ಯುವಿನಿಂದ ಜರ್ಮನಿಯ ಪುಟ್‌ಗಾರ್ಡನ್‌ಗೆ, 45 ನಿಮಿಷ. 1963ರಲ್ಲಿ ತೆರೆದ ಈ ಮಾರ್ಗಕ್ಕೆ ಜರ್ಮನ್ನರು ಇಟ್ಟ ಹೆಸರಿನ ಅರ್ಥ "ಹಕ್ಕಿ ಹಾರುವ ದಾರಿ". ವಲಸೆ ಹಕ್ಕಿಗಳು ಇದೇ ನೇರದಲ್ಲಿ ಸಮುದ್ರ ದಾಟುತ್ತವೆ. 2019ರ ತನಕ ರೈಲೂ ಈ ಹಡಗಿನೊಳಗೆ ಹೋಗಿ ನಿಲ್ಲುತ್ತಿತ್ತು! ಈಗ ಅಲ್ಲಿ ಸಮುದ್ರದ ತಳದಲ್ಲಿ 18 ಕಿ.ಮೀ. ಸುರಂಗ ಕಟ್ಟುತ್ತಿದ್ದಾರೆ. ಆಮೇಲೆ ಕಾರಿಗೆ ಹತ್ತೇ ನಿಮಿಷ. ಹಡಗಿನ ಕಟಕಟೆಗೆ ಒರಗಿ ನಿಂತಾಗ ಸಿಗಂದೂರಿನ ಲಾಂಚೇ ಕಣ್ಣಮುಂದೆ ಬಂತು.

ಮಕ್ಕಳೇ, ನಿಮಗೊಂದು ಲೆಕ್ಕ

ನಮ್ಮ ದೇಶದಲ್ಲೂ ಕಾರು ಒಯ್ಯುವ ಹಡಗುಗಳಿವೆ. ಗುಜರಾತಿನಲ್ಲಿ ಸೂರತ್ ಬಳಿಯ ಹಜೀರಾದಿಂದ ಭಾವನಗರದ ಬಳಿಯ ಘೋಘಾಕ್ಕೆ 2020ರಿಂದ ಫೆರಿ ಇದೆ. ರಸ್ತೆಯಲ್ಲಿ 370 ಕಿ.ಮೀ., ಸಮುದ್ರದಲ್ಲಿ 90. ಒಂದು ಭೂಪಟ, ಒಂದು ನೋಟ್‌ಬುಕ್ ತೆಗೆದುಕೊಂಡು ಅಜ್ಜ-ಅಜ್ಜಿಯರ ಜೊತೆ ಕೂತು ಈ ಪ್ರವಾಸದ ಪ್ಲ್ಯಾನ್ ಮಾಡಿ. ನಿಮ್ಮ ಊರಿನಿಂದ ಹಜೀರಾಕ್ಕೆ ಎಷ್ಟು ಗಂಟೆಯ ದಾರಿ? ಎಲ್ಲಿ ಊಟ, ಎಲ್ಲಿ ನಿದ್ದೆ? ಹಡಗು ತಪ್ಪಿದರೆ ಏನು ಮಾಡುತ್ತೀರಿ? ರಿಸರ್ವ್ ದಿನ ಎಲ್ಲಿ ಇಡುತ್ತೀರಿ?

ನನ್ನ ನೋಟ್‌ಬುಕ್ ಈಗ ಶಿವಮೊಗ್ಗದಲ್ಲಿ, ಪಂಚಾಂಗದ ಪಕ್ಕದಲ್ಲಿದೆ. ಸುಮಾರು ಐದು ಸಾವಿರ ಕಿಲೋಮೀಟರಿನ ಲೆಕ್ಕ ಟ್ಯಾಲಿ ಆಗಿದೆ. ಮೊದಲ ಪುಟದ ಮೇಲೆ, ಹಡಗುಗಳ ಪಟ್ಟಿಗಿಂತಲೂ ಮೇಲೆ, ಪುಟ್ಟಿ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದಾಳೆ: "ಅಜ್ಜ, ಸ್ಟೆಪ್ನಿ!"